ಹಳೆಯ ಕಾಲೇಜು ಫುಟ್‌ಬಾಲ್ ಟಿಕೆಟ್, ಪ್ರೋಗ್ರಾಂ, ಪೆನೆಂಟ್: ತೊಳೆಯುವ ಮುಂಚೆ, ಲ್ಯಾಮಿನೇಟ್ ಮಾಡಿಸುವ ಮುಂಚೆ ಓದಿ

ಅರವತ್ತು, ಎಪ್ಪತ್ತರ ದಶಕದಲ್ಲಿ ಅಮೆರಿಕಕ್ಕೆ ಓದಲು ಹೋದ ಕನ್ನಡಿಗರು ಈಗ ದೊಡ್ಡ ಮನೆ ಮಾರಿ ಚಿಕ್ಕ ಮನೆಗೆ ಹೋಗುವ ವಯಸ್ಸಿನಲ್ಲಿದ್ದಾರೆ. ಆಗ ಬೇಸ್‌ಮೆಂಟಿನಿಂದ ಒಂದು ರಟ್ಟಿನ ಡಬ್ಬ ಮೇಲೆ ಬರುತ್ತದೆ. ಪರ್ಡ್ಯೂನದೋ ಇಲಿನಾಯ್ ಯೂನಿವರ್ಸಿಟಿಯದೋ ಪೆನೆಂಟ್, ಅಂದರೆ ತ್ರಿಕೋನ ಬಾವುಟ, ಅರ್ಧ ಹರಿದ ಟಿಕೆಟ್‌ಗಳು, ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ) ಗೇಮ್ ದಿನ ಸ್ಟೇಡಿಯಂನಲ್ಲಿ ಮಾರುವ ಪ್ರೋಗ್ರಾಂ ಪುಸ್ತಕಗಳು, ಹೋಮ್‌ಕಮಿಂಗ್ (ಹಳೆಯ ವಿದ್ಯಾರ್ಥಿಗಳು ಕಾಲೇಜಿಗೆ ಮರಳುವ ಹಬ್ಬ) ದಿನದ ತುಕ್ಕು ಹಿಡಿದ ಬ್ಯಾಡ್ಜು. ಮಕ್ಕಳು ಇವನ್ನು ಉಳಿಸಬೇಕು ಅಂತಲೇ ಕೈ ಹಾಕುತ್ತಾರೆ. ಉಳಿಸುವ ಭರದಲ್ಲೇ ಹಾಳು ಮಾಡುತ್ತಾರೆ.

ಆಗುವ ತಪ್ಪುಗಳೆಲ್ಲ ಒಂದೇ ಥರ. ಬಾವುಟವನ್ನು ವಾಷಿಂಗ್ ಮೆಷಿನ್ನಿಗೆ ಹಾಕುತ್ತಾರೆ, ಕೆಂಪು ಬಣ್ಣ ಬಿಳಿ ಅಕ್ಷರಕ್ಕೆ ಇಳಿಯುತ್ತದೆ. ಟಿಕೆಟ್ ಲ್ಯಾಮಿನೇಟ್ ಮಾಡಿಸುತ್ತಾರೆ, ಅದನ್ನು ಮತ್ತೆ ಬಿಡಿಸಲು ಆಗುವುದಿಲ್ಲ. ಎಲ್ಲಕ್ಕಿಂತ ದೊಡ್ಡ ತಪ್ಪು ಇನ್ನೊಂದು: ವಸ್ತುವನ್ನು ಚೆನ್ನಾಗಿ ಕಾಪಾಡಿ, ಅದರ ಕಥೆಯನ್ನು ಕೇಳದೇ ಬಿಡುವುದು. ಯಾವ ಗೇಮ್, ಯಾರ ಜೊತೆ ಹೋದದ್ದು ಅಂತ ಗೊತ್ತಿಲ್ಲದ ಟಿಕೆಟ್ಟನ್ನು ಮುಂದಿನ ತಲೆಮಾರು ಕಸದ ಬುಟ್ಟಿಗೆ ಹಾಕುತ್ತದೆ. ಅದಕ್ಕೇ ಇಲ್ಲಿ ಕ್ರಮ ಮುಖ್ಯ: ಮೊದಲು ಫೋಟೋ, ಆಮೇಲೆ ಮಾತು, ಆಮೇಲೆ ತಾರೀಖು, ಆಮೇಲೆ ಶುಚಿ ಮತ್ತು ಡಬ್ಬ. ಹೊಸದಾಗಿ ಕೊಳ್ಳುವುದು ಕಟ್ಟಕಡೆಗೆ.

## ಬೇಕಾಗುವ ಸಾಮಾನು

ಶುರು ಮಾಡುವ ಮುಂಚೆ ಇವನ್ನು ತಂದಿಟ್ಟುಕೊಳ್ಳಿ. ನಡುವೆ ಎದ್ದು ಹೋದರೆ ವಸ್ತುಗಳು ಕಲೆಸಿಹೋಗುತ್ತವೆ.

- ಮೆತ್ತನೆಯ ಪೆನ್ಸಿಲ್ (2ಬಿ ಸಾಕು) ಮತ್ತು ಬಿಳಿ ಕಾಗದದ ಚೀಟಿಗಳು. ಡಬ್ಬದ ಹತ್ತಿರ ಪೆನ್ನು ತರಲೇಬೇಡಿ.
- ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, ಅಂದರೆ ಅಕ್ಕಸಾಲಿಗರು ಬಳಸುವ ಪುಟ್ಟ ಭೂತಗನ್ನಡಿ.
- ನೇರಳೆ ಬೆಳಕಿನ ಯುವಿ ಟಾರ್ಚ್.
- ಮೃದುವಾದ ಅಗಲ ಕುಂಚ, ತೆಳ್ಳಗಿನ ಚಪ್ಪಟೆ ಚಾಕು, ಸುವಾಸನೆ ಇಲ್ಲದ ಹಲ್ಲಿನ ದಾರ.
- ಎರಡು ಫೋನು. ಒಂದು ಫೋಟೋಗೆ, ಎರಡೂ ರೆಕಾರ್ಡಿಂಗ್‌ಗೆ.
- ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕವರ್‌ಗಳು, ಆಸಿಡ್ ಇಲ್ಲದ ರಟ್ಟಿನ ಡಬ್ಬ, ಆಸಿಡ್ ಇಲ್ಲದ ಟಿಶ್ಯೂ ಕಾಗದ.
- ತೇವಾಂಶ ತೋರಿಸುವ ಪುಟ್ಟ ಮೀಟರ್.

ಹತ್ತಿ ಕೈಗವಸು ಬೇಡ. ಕೈ ತೊಳೆದು ಒರೆಸಿಕೊಂಡರೆ ಸಾಕು. ಗವಸು ಹಾಕಿದರೆ ಬೆರಳಿಗೆ ಹಿಡಿತ ಸಿಗುವುದಿಲ್ಲ, ಪುಟ ಹರಿಯುತ್ತದೆ. ಬೆಳ್ಳಿ ಲೋಹದ ವಸ್ತು, ಫೋಟೋ, ನೆಗೆಟಿವ್ ಇದ್ದರೆ ಮಾತ್ರ ನೈಟ್ರೈಲ್ ಗವಸು ಹಾಕಿಕೊಳ್ಳಿ.

## ಹಂತ 1: ಡಬ್ಬ ಇದ್ದ ಹಾಗೇ ಫೋಟೋ ತೆಗೆಯಿರಿ

ಡಬ್ಬ ತೆರೆದ ಕೂಡಲೇ ಎಲ್ಲವನ್ನೂ ಮೇಜಿನ ಮೇಲೆ ಸುರಿಯಬೇಡಿ. ಯಾವುದು ಯಾವುದರ ಜೊತೆ ಇತ್ತು ಎನ್ನುವುದೇ ಒಂದು ಸಾಕ್ಷಿ. ಪ್ರೋಗ್ರಾಂ ಪುಸ್ತಕದ ಒಳಗೆ ಟಿಕೆಟ್ ಇದ್ದರೆ ಅವೆರಡೂ ಬಹುಶಃ ಒಂದೇ ಗೇಮಿನವು. ಬೇರೆ ಮಾಡಿದರೆ ಆ ಸುಳಿವು ಹೋಯಿತು.

ಒಂದೊಂದು ಪದರ ತೆಗೆದ ಹಾಗೆ ಒಂದೊಂದು ಫೋಟೋ. ನಂತರ ಪ್ರತಿ ವಸ್ತುವಿಗೂ ಒಂದು ನಂಬರ್ ಕೊಡಿ. ನಂಬರನ್ನು ಚೀಟಿಯ ಮೇಲೆ ಬರೆದು ಪಕ್ಕದಲ್ಲಿಡಿ, ವಸ್ತುವಿನ ಮೇಲೆ ಬರೆಯಬೇಡಿ. ಸ್ಟಿಕರ್ ಅಂಟಿಸುವುದು, ರಬ್ಬರ್ ಬ್ಯಾಂಡ್ ಹಾಕುವುದು, ಕ್ಲಿಪ್ ಸಿಕ್ಕಿಸುವುದು ಮೂರೂ ಬೇಡ.

ಈ ಹಂತದಲ್ಲಿ ಎಚ್ಚರಿಕೆಯ ಚಿಹ್ನೆ ಎರಡು. ಒಂದು, ಮುಗ್ಗಲು ವಾಸನೆ. ಅದು ಬಂದರೆ ಡಬ್ಬವನ್ನು ಮನೆಯ ಉಳಿದ ಪುಸ್ತಕಗಳ ಹತ್ತಿರ ತರಬೇಡಿ. ಎರಡು, ಹಳೆಯ ಬ್ಯಾಡ್ಜ್‌ಗಳಿಂದ ಕರ್ಪೂರದ ಅಥವಾ ಹುಳಿ ವಾಸನೆ. ಅವು ಸೆಲ್ಯುಲಾಯ್ಡ್‌ನವು, ಒಳಗಿಂದ ಕೆಡಲು ಶುರುವಾಗಿವೆ. ಅದರಿಂದ ಹೊರಬರುವ ಆವಿ ಪಕ್ಕದ ಕಾಗದವನ್ನೂ ಲೋಹವನ್ನೂ ತಿನ್ನುತ್ತದೆ. ಅವನ್ನು ಅವತ್ತೇ ಬೇರೆ ಮಾಡಿ, ಗಾಳಿ ಆಡುವ ಕಾಗದದ ಡಬ್ಬದಲ್ಲಿ ಇಡಿ.

## ಹಂತ 2: ಹಿರಿಯರ ಜೊತೆ ಕೂತು ಮಾತು ರೆಕಾರ್ಡ್ ಮಾಡಿ

ಬಹಳ ಜನ ಈ ಹಂತವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. "ಎಲ್ಲ ಕ್ಲೀನ್ ಮಾಡಿ, ಜೋಡಿಸಿ, ಆಮೇಲೆ ಅಪ್ಪನಿಗೆ ತೋರಿಸೋಣ" ಅಂದುಕೊಳ್ಳುತ್ತಾರೆ. ಬೇಡ. ಕಾಗದ ಇನ್ನೂ ಹತ್ತು ವರ್ಷ ಕಾಯುತ್ತದೆ. ಎಂಬತ್ತು ದಾಟಿದವರ ನೆನಪು ಕಾಯುವುದಿಲ್ಲ.

ಮಧ್ಯಾಹ್ನದ ಊಟ ಆಗಿ ಸ್ವಲ್ಪ ವಿಶ್ರಾಂತಿ ಪಡೆದ ಮೇಲಿನ ಹೊತ್ತು ಒಳ್ಳೆಯದು. ಟಿವಿ ಆಫ್ ಮಾಡಿ, ಫ್ಯಾನ್ ಸದ್ದು ಕಡಿಮೆ ಮಾಡಿ. ಎರಡೂ ಫೋನ್ ಇಟ್ಟು, ಶುರುವಿನಲ್ಲಿ ನೀವೇ ದಿನಾಂಕ, ಊರು, ಯಾರ ಜೊತೆ ಮಾತಾಡುತ್ತಿದ್ದೀರಿ ಅನ್ನುವುದನ್ನು ಹೇಳಿ. ಮುಕ್ಕಾಲು ಗಂಟೆ ಸಾಕು, ಅದಕ್ಕಿಂತ ಜಾಸ್ತಿ ಎಳೆದರೆ ಅವರಿಗೆ ದಣಿವಾಗುತ್ತದೆ.

ಸಾಮಾನ್ಯವಾಗಿ ಮಾಡುವ ತಪ್ಪು ಎಂದರೆ "ನಿಮ್ಮ ಕಾಲದ ಫುಟ್‌ಬಾಲ್ ಬಗ್ಗೆ ಹೇಳಿ" ಅಂತ ಕೇಳುವುದು. ಅದಕ್ಕೆ "ಏನಿದೆ ಹೇಳೋಕೆ, ತುಂಬ ಚಳಿ ಇರ್ತಿತ್ತು" ಅನ್ನುವ ಉತ್ತರ ಬಂದು ಮಾತು ಮುಗಿಯುತ್ತದೆ. ಅದರ ಬದಲು ಒಂದೇ ಒಂದು ವಸ್ತುವನ್ನು ಅವರ ಕೈಗೆ ಕೊಡಿ. ನೋಡಲು, ತಿರುಗಿಸಲು ಸಮಯ ಕೊಡಿ. ಆಮೇಲೆ ಚಿಕ್ಕ ಪ್ರಶ್ನೆ ಕೇಳಿ:

"ದೊಡ್ಡಪ್ಪ, ಈ ಗೇಮಿಗೆ ಯಾರ ಜೊತೆ ಹೋಗಿದ್ರಿ?"
"ಕಾರ್ ಯಾರದ್ದು?"
"ನೀವು ಕೂತ ಕಡೆ ಬಿಸಿಲು ಬರ್ತಿತ್ತಾ?"
"ತಿನ್ನೋಕೆ ಏನು ತಗೊಂಡು ಹೋಗಿದ್ರಿ?"
"ಆಟದ ನಿಯಮ ನಿಮಗೆ ಹೇಳಿಕೊಟ್ಟಿದ್ದು ಯಾರು?"

ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಕ್ರಿಕೆಟ್ ನೋಡಿ ಬೆಳೆದವರಿಗೆ ಫಸ್ಟ್ ಡೌನ್ ಅಂದರೆ ಏನು, ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಹೋಗಬೇಕು ಅಂತ ಯಾರೋ ಒಬ್ಬರು ಪಕ್ಕದಲ್ಲಿ ಕೂತು ಹೇಳಿಕೊಟ್ಟಿರುತ್ತಾರೆ. ರೂಮ್‌ಮೇಟೋ, ಲ್ಯಾಬಿನ ಗೆಳೆಯನೋ, ಪ್ರೊಫೆಸರೋ. ಒಳ್ಳೆಯ ಕಥೆಗಳೆಲ್ಲ ಆ ವ್ಯಕ್ತಿಯ ಸುತ್ತ ಇರುತ್ತವೆ.

ದೊಡ್ಡಮ್ಮನನ್ನೂ ಕೇಳಿ, ಆದರೆ ಬೇರೆಯಾಗಿ. ಇಬ್ಬರನ್ನೂ ಒಟ್ಟಿಗೆ ಕೂರಿಸಿದರೆ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ತಿದ್ದುತ್ತಾರೆ, ಎರಡೂ ಅರ್ಧಕ್ಕೆ ನಿಲ್ಲುತ್ತವೆ. ಆಟದಲ್ಲಿ ಆಸಕ್ತಿ ಇಲ್ಲದೇ ಜೊತೆಗೆ ಹೋದವರು ಸ್ಕೋರ್ ಮರೆತಿರಬಹುದು. ಆದರೆ ಯಾರು ಬಂದಿದ್ದರು, ಯಾವ ಕೋಟು ಯಾರಿಂದ ಸಾಲ ತಂದದ್ದು, ವಾಪಸ್ ಬರುವಾಗ ಎಲ್ಲಿ ಕಾರು ಕೆಟ್ಟಿತು ಅನ್ನುವುದೆಲ್ಲ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಮಾತಾಡುವಾಗ ತಿದ್ದಬೇಡಿ. ತಾರೀಖು ತಪ್ಪು ಅಂತ ನಿಮಗೆ ಗೊತ್ತಿದ್ದರೂ ಸುಮ್ನೆ ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಕನ್ನಡ, ಇಂಗ್ಲಿಷ್ ಬೆರೆಸಿ ಮಾತಾಡಿದರೆ ಹಾಗೇ ಬಿಡಿ.

ಎಚ್ಚರಿಕೆಯ ಚಿಹ್ನೆ: ನೆನಪು ಟಿವಿಯ ದೃಶ್ಯದಂತೆ ಕೇಳಿಸುವುದು. ಕೆಲವು ಗೇಮ್‌ಗಳನ್ನು ಟಿವಿಯಲ್ಲಿ ಎಷ್ಟು ಸಲ ತೋರಿಸಿದ್ದಾರೆ ಎಂದರೆ, ನೋಡದವರಿಗೂ ತಾವು ಅಲ್ಲೇ ಇದ್ದೆವು ಅನ್ನಿಸುತ್ತದೆ. 1982ರ ನವೆಂಬರ್ 20ರಂದು ಬರ್ಕ್‌ಲಿಯಲ್ಲಿ ಕ್ಯಾಲಿಫೋರ್ನಿಯಾ ತಂಡ ಕೊನೆಯ ಕ್ಷಣದಲ್ಲಿ ಚೆಂಡನ್ನು ಕೈಯಿಂದ ಕೈಗೆ ಎಸೆಯುತ್ತ, ಮೈದಾನಕ್ಕೆ ಇಳಿದಿದ್ದ ಎದುರಾಳಿ ಸ್ಟ್ಯಾನ್‌ಫರ್ಡಿನ ವಾದ್ಯದ ಬ್ಯಾಂಡಿನವರ ನಡುವೆ ನುಗ್ಗಿ 25-20ರಿಂದ ಗೆದ್ದದ್ದು ಅಂಥ ಒಂದು. ಹಿರಿಯರು "ನಾನಿದ್ದೆ" ಅಂದರೆ ವಾದ ಮಾಡಬೇಡಿ. ಕ್ಯಾಮೆರಾ ತೋರಿಸದ ಸಂಗತಿ ಕೇಳಿ: ಯಾವ ಗೇಟಿನಿಂದ ಹೋದಿರಿ, ಎದುರಿಗೆ ಏನು ಕಾಣುತ್ತಿತ್ತು, ಮನೆಗೆ ಹೇಗೆ ಬಂದಿರಿ. ಉತ್ತರ ಬಂದರೂ ಬರದಿದ್ದರೂ ರೆಕಾರ್ಡ್ ಇರಲಿ. ಸರಿಯೋ ತಪ್ಪೋ ಅನ್ನುವುದನ್ನು ಮುಂದಿನ ಹಂತ ನೋಡಿಕೊಳ್ಳುತ್ತದೆ.

## ಹಂತ 3: ತಾರೀಖು ಪತ್ತೆ ಮಾಡಿ

ಹಳೆಯ ಟಿಕೆಟ್‌ಗಳಲ್ಲಿ ಎಷ್ಟೋ ಸಲ ತಿಂಗಳು, ದಿನ ಇರುತ್ತದೆ, ಇಸವಿ ಇರುವುದಿಲ್ಲ. ಇರುವ ಭಾಗ ಗೇಟಿನಲ್ಲಿ ಹರಿದುಹೋಗಿರಲೂಬಹುದು. ಬಾವುಟದ ಮೇಲಂತೂ ಇಸವಿ ಇರುವುದೇ ಅಪರೂಪ. ಗಾಬರಿ ಬೇಡ, ದಾರಿಗಳಿವೆ.

ವಾರ ನೋಡಿ. ಕಾಲೇಜು ಫುಟ್‌ಬಾಲ್ ಬಹುಪಾಲು ಶನಿವಾರದ ಆಟ. ಟಿಕೆಟ್ಟಿನಲ್ಲಿ "ಅಕ್ಟೋಬರ್ 18" ಅಂತ ಮಾತ್ರ ಇದೆ ಅಂದುಕೊಳ್ಳಿ. ಅಕ್ಟೋಬರ್ 18 ಶನಿವಾರ ಬಿದ್ದದ್ದು 1958, 1969, 1975, 1980, 1986ರಲ್ಲಿ. ನಿಮ್ಮ ಚಿಕ್ಕಪ್ಪ 1968ರಿಂದ 1973ರವರೆಗೆ ಅಲ್ಲಿ ಓದಿದ್ದರೆ ಉತ್ತರ ಒಂದೇ: 1969. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ಮಾತ್ರ ಜಾಗ್ರತೆ. ನೆಬ್ರಾಸ್ಕಾ ತಂಡ ಒಕ್ಲಹೋಮಾವನ್ನು 35-31ರಿಂದ ಸೋಲಿಸಿದ 1971ರ ನವೆಂಬರ್ 25 ಗುರುವಾರ. ಬಾಸ್ಟನ್ ಕಾಲೇಜಿನ ಡಗ್ ಫ್ಲೂಟಿ ಕೊನೆಯ ಎಸೆತದಲ್ಲಿ ಮಿಯಾಮಿಯನ್ನು 47-45ರಿಂದ ಸೋಲಿಸಿದ 1984ರ ನವೆಂಬರ್ 23 ಶುಕ್ರವಾರ.

ಕಾಲೇಜಿನ ಹೆಸರು ನೋಡಿ. ಬಾವುಟಗಳ ಕಾಲ ಹೇಳಲು ಇದರಷ್ಟು ಒಳ್ಳೆಯ ಉಪಾಯ ಇನ್ನೊಂದಿಲ್ಲ. ಮಿಶಿಗನ್ ಸ್ಟೇಟ್ 1925ರವರೆಗೆ ಮಿಶಿಗನ್ ಅಗ್ರಿಕಲ್ಚರಲ್ ಕಾಲೇಜ್ ಆಗಿತ್ತು. ಆಮೇಲೆ ಮಿಶಿಗನ್ ಸ್ಟೇಟ್ ಕಾಲೇಜ್ ಆಯಿತು, 1955ರಲ್ಲಿ ಯೂನಿವರ್ಸಿಟಿ ಆಯಿತು. ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜ್ 1953ರಲ್ಲಿ ಯೂನಿವರ್ಸಿಟಿ ಆಯಿತು. ಒಕ್ಲಹೋಮಾ ಎ ಆಂಡ್ ಎಂ ಕಾಲೇಜ್ 1957ರಲ್ಲಿ ಒಕ್ಲಹೋಮಾ ಸ್ಟೇಟ್ ಆಯಿತು. ಹಾಗಾಗಿ "ಎಂ.ಎಸ್.ಸಿ." (ಮಿಶಿಗನ್ ಸ್ಟೇಟ್ ಕಾಲೇಜ್) ಅಂತ ಹೊಲಿದ ಹಸಿರು ಬಾವುಟ 1955ಕ್ಕಿಂತ ಹಿಂದಿನದು ಅಂತ ಹೇಳಬಹುದು. ಆಬರ್ನ್ ವಿಷಯದಲ್ಲಿ ಮಾತ್ರ ಈ ಲೆಕ್ಕ ಕೆಲಸ ಮಾಡುವುದಿಲ್ಲ. ಅದು ಅಧಿಕೃತವಾಗಿ ಆಬರ್ನ್ ಯೂನಿವರ್ಸಿಟಿ ಆದದ್ದು 1960ರಲ್ಲಿ, ಆದರೆ ಜನ ಅದಕ್ಕೂ ಬಹಳ ಮುಂಚೆಯೇ ಆ ಹೆಸರಲ್ಲಿ ಕರೆಯುತ್ತಿದ್ದರು.

ಜಾಹೀರಾತು ಓದಿ. ಪ್ರೋಗ್ರಾಂ ಪುಸ್ತಕದಲ್ಲಿ ಆಟಗಾರರ ಪುಟಕ್ಕಿಂತ ಜಾಹೀರಾತು ಜಾಸ್ತಿ ಹೇಳುತ್ತದೆ. ವಿಳಾಸದಲ್ಲಿ ಐದಂಕಿಯ ಜಿಪ್ ಕೋಡ್ (ನಮ್ಮ ಪಿನ್ ಕೋಡ್ ಥರದ್ದು) ಇದ್ದರೆ ಅದು 1963ರ ಜುಲೈ ನಂತರದ್ದು. ರಾಜ್ಯದ ಹೆಸರನ್ನು ಎರಡು ದೊಡ್ಡ ಅಕ್ಷರಕ್ಕೆ ಇಳಿಸಿದ್ದೂ ಅದೇ ವರ್ಷ. ಬಾರ್‌ಕೋಡ್ ಅಂಗಡಿಗೆ ಬಂದದ್ದು 1974ರಲ್ಲಿ. ಟಿ-ಶರ್ಟ್ ಅಥವಾ ಸ್ವೆಟರ್ ಆದರೆ ಕುತ್ತಿಗೆಯ ಲೇಬಲ್ ನೋಡಿ. ಹೇಗೆ ತೊಳೆಯಬೇಕು ಅನ್ನುವ ಸೂಚನೆ ಹಾಕಲೇಬೇಕು ಅಂತ ಅಮೆರಿಕದಲ್ಲಿ ನಿಯಮ ಬಂದದ್ದು 1972ರಲ್ಲಿ.

ಕಾಲೇಜಿನ ದಿನಪತ್ರಿಕೆ ಹುಡುಕಿ. ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆಗಳ ಹಳೆಯ ಸಂಚಿಕೆಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಮಿಶಿಗನ್ ಡೈಲಿ, ಡೈಲಿ ಇಲಿನಿ, ಕಾರ್ನೆಲ್ ಡೈಲಿ ಸನ್ ಮೂರನ್ನೂ ಮನೆಯಿಂದಲೇ ಓದಬಹುದು. ಭಾನುವಾರದ ಅಥವಾ ಸೋಮವಾರದ ಸಂಚಿಕೆ ತೆರೆದು ಸ್ಕೋರ್, ಹವಾಮಾನ, ಬಂದ ಜನರ ಸಂಖ್ಯೆ ಬರೆದುಕೊಳ್ಳಿ. ದೊಡ್ಡಪ್ಪ "ಮಳೆಯಲ್ಲಿ ನೆಂದೆವು" ಅಂದಿದ್ದರೆ ಅದು ಅಲ್ಲಿ ಸಿಗಬೇಕು. ಸಿಕ್ಕಾಗ ಆ ಪುಟವನ್ನು ಪ್ರಿಂಟ್ ಹಾಕಿ ಅವರಿಗೆ ತೋರಿಸಿ, ಮತ್ತೊಮ್ಮೆ ರೆಕಾರ್ಡ್ ಮಾಡಿ. ಎರಡನೇ ಸಲ ಬರುವ ಮಾತು ಮೊದಲನೆಯದಕ್ಕಿಂತ ಹತ್ತು ಪಟ್ಟು ಚೆನ್ನಾಗಿರುತ್ತದೆ.

## ಹಂತ 4: ಅಸಲಿಯೋ ಮರುಮುದ್ರಣವೋ ನೋಡಿ

ಮನೆಯ ಡಬ್ಬದಲ್ಲಿ ಇದ್ದದ್ದೆಲ್ಲ ಅಸಲಿ ಅಂತ ನಂಬಬೇಡಿ. ಎಷ್ಟೋ ಕಾಲೇಜುಗಳು ವಾರ್ಷಿಕೋತ್ಸವಕ್ಕೆ ಹಳೆಯ ಪ್ರೋಗ್ರಾಂಗಳನ್ನು ಮತ್ತೆ ಅಚ್ಚು ಹಾಕಿ ಹಂಚಿವೆ. ಅದು ಮೋಸವಲ್ಲ. ಮಾರುವವರು ಅದನ್ನು ಹಳೆಯದು ಅಂತ ಮಾರಿದಾಗ ಮೋಸ.

ಮೊದಲು ಲೂಪ್ ಹಿಡಿದು ಅಕ್ಷರ ನೋಡಿ, ಚಿತ್ರವನ್ನಲ್ಲ. ಹಳೆಯ ಅಚ್ಚಿನಲ್ಲಿ ಚಿತ್ರ ಚುಕ್ಕೆ ಚುಕ್ಕೆಯಾಗಿರುತ್ತದೆ, ಆದರೆ ಅಕ್ಷರ ಗಟ್ಟಿಯಾದ ಒಂದೇ ಮಸಿಯಲ್ಲಿ ಮೂಡಿರುತ್ತದೆ, ಅಂಚು ಚೂಪಾಗಿರುತ್ತದೆ. ಹಳೆಯ ಪುಸ್ತಕದ ಫೋಟೋ ತೆಗೆದು ಅಚ್ಚು ಹಾಕಿದ್ದರೆ ಅಕ್ಷರವೂ ಬಣ್ಣಬಣ್ಣದ ಚುಕ್ಕೆಗಳಾಗಿ ಒಡೆದಿರುತ್ತದೆ. ಬರಿಗಣ್ಣಿಗೆ ಕಪ್ಪಾಗಿ ಕಾಣುವ "ಸೆಕ್ಷನ್ 12" ಲೂಪಿನ ಕೆಳಗೆ ನೀಲಿ, ಗುಲಾಬಿ, ಹಳದಿ ಚುಕ್ಕೆಗಳ ಗುಂಪಾಗಿ ಕಂಡರೆ ಅದನ್ನು ಪಕ್ಕಕ್ಕಿಡಿ.

ಆಮೇಲೆ ದೀಪ ಆರಿಸಿ ಯುವಿ ಟಾರ್ಚ್ ಹಾಕಿ. ಕಾಗದ ಬೆಳ್ಳಗೆ ಕಾಣಲಿ ಅಂತ ಬೆರೆಸುವ ರಾಸಾಯನಿಕ ಬಳಕೆಗೆ ಬಂದದ್ದು ಹೆಚ್ಚುಕಡಿಮೆ ಎರಡನೇ ಮಹಾಯುದ್ಧದ ನಂತರ. 1920ರ ಟಿಕೆಟ್ ಅನ್ನುವುದು ಕತ್ತಲಲ್ಲಿ ನೀಲಿಯಾಗಿ ಹೊಳೆದರೆ ಅದು 1920ರದ್ದಲ್ಲ. ಆದರೆ ಹೊಳೆಯಲಿಲ್ಲ ಅಂದಮಾತ್ರಕ್ಕೆ ಅಸಲಿ ಅಂತಲೂ ಅಲ್ಲ, ಹಳೆಯ ಖಾಲಿ ಕಾಗದ ಹುಡುಕಿ ಅಚ್ಚು ಹಾಕುವವರಿದ್ದಾರೆ.

ಮೂರನೆಯದು ಸ್ಟೇಪಲ್. ಹಳೆಯ ಪುಸ್ತಕದಲ್ಲಿ ಪಿನ್ನಿನ ತುಕ್ಕು ಕಾಗದಕ್ಕೆ ಇಳಿದು ಕಂದು ಕಲೆ ಮಾಡಿರುತ್ತದೆ. ಪಿನ್ನು ಥಳಥಳ, ಪಕ್ಕದ ಕಾಗದವೂ ಸ್ವಚ್ಛ, ಹೊದಿಕೆ ಮಾತ್ರ ಟೀ ಬಣ್ಣ ಅಂದರೆ ಯಾರೋ ಬೇಕಂತಲೇ ಹಳೆಯದು ಮಾಡಿದ್ದಾರೆ. ಪಿನ್ನಿನ ಪಕ್ಕ ಇನ್ನೊಂದು ಜೊತೆ ತೂತು ಇದ್ದರೆ ಹೊದಿಕೆಯೋ ಒಳಪುಟವೋ ಬೇರೆ ಪುಸ್ತಕದಿಂದ ಬಂದಿರಬಹುದು. ಪುಟ ಎಣಿಸಿ ನೋಡಿ.

ಸಹಿ ಇದ್ದರೆ ಪೆನ್ನು ಮತ್ತು ಮನುಷ್ಯನ ಕಾಲ ಹೊಂದುತ್ತದಾ ನೋಡಿ. ನೋಟರ್ ಡೇಮ್ ಕೋಚ್ ನ್ಯೂಟ್ ರಾಕ್ನಿ ವಿಮಾನ ಅಪಘಾತದಲ್ಲಿ ತೀರಿಕೊಂಡದ್ದು 1931ರಲ್ಲಿ. ಬಾಲ್‌ಪಾಯಿಂಟ್ ಪೆನ್ನು ಅಮೆರಿಕದ ಅಂಗಡಿಗೆ ಬಂದದ್ದು 1945ರಲ್ಲಿ. ಬಾಲ್‌ಪಾಯಿಂಟಿನ ರಾಕ್ನಿ ಸಹಿಗೆ ಬೇರೆ ಪರೀಕ್ಷೆಯೇ ಬೇಕಿಲ್ಲ. ಹಳೆಯ ಕಾಲದ ಆಟಗಾರ ಜಿಮ್ ಥಾರ್ಪ್ 1953ರಲ್ಲಿ ತೀರಿಕೊಂಡರು, ಶಾರ್ಪಿ ಮಾರ್ಕರ್ ಬಂದದ್ದು 1964ರಲ್ಲಿ. ಲೂಪಿನಲ್ಲಿ ಗೆರೆಯ ದಪ್ಪ ಶುರುವಿನಿಂದ ಕೊನೆವರೆಗೆ ಒಂದೇ ಥರ ಇದ್ದು, ಮಸಿ ಕಾಗದಕ್ಕೆ ಇಳಿಯದೇ ಇದ್ದರೆ ಅದು ಅಚ್ಚಾದ ಸಹಿ. ಬೆಲೆಬಾಳುವ ಸಹಿ ಅನ್ನಿಸಿದರೆ ಸಹಿ ಅಸಲಿಯೋ ಅಂತ ಪರೀಕ್ಷಿಸುವ ಕಂಪನಿಗಳಾದ ಪಿಎಸ್‌ಎ, ಜೆಎಸ್‌ಎ, ಬೆಕೆಟ್ ಇವುಗಳಲ್ಲಿ ಒಂದಕ್ಕೆ ಕಳಿಸಿ. ಮನೆಯ ನೆನಪಿಗೆ ಇಟ್ಟುಕೊಳ್ಳುವುದಾದರೆ ಆ ಖರ್ಚು ಬೇಡ.

ಟಾಪ್ಸ್ ಕಂಪನಿ 1955ರಲ್ಲಿ ತಂದ, ಆಟಗಾರರ ಚಿತ್ರವಿರುವ ಆಲ್-ಅಮೆರಿಕನ್ ಕಾರ್ಡುಗಳ ಬಗ್ಗೆಯೂ ಒಂದು ಮಾತು. ಸೆಟ್ಟಿನಲ್ಲಿ 100 ಕಾರ್ಡು, ಅದರಲ್ಲಿ 68ನೆಯದು ನೋಟರ್ ಡೇಮಿನ ಹೆಸರಾಂತ ನಾಲ್ವರು ಆಟಗಾರರ, ಅಂದರೆ "ಫೋರ್ ಹಾರ್ಸ್‌ಮೆನ್" ಕಾರ್ಡು. ಆ ಕಾರ್ಡಿನ ನಕಲುಗಳು ಧಾರಾಳವಾಗಿ ಓಡಾಡುತ್ತವೆ. ಅದೊಂದು ಕಾರ್ಡು ಕಡಿಮೆ ಬೆಲೆಗೆ ಸಿಕ್ಕಿತು ಅನ್ನಿಸಿದರೆ ಮೊದಲು ಅನುಮಾನ ಪಡಿ.

## ಹಂತ 5: ಕನಿಷ್ಠ ಶುಚಿ

ನೀರು ಬೇಡ, ಸೋಪು ಬೇಡ, ಇಸ್ತ್ರಿ ಬೇಡ. ಅನುಮಾನ ಬಂದರೆ ಕೈ ಹಿಂದೆ ತೆಗೆಯಿರಿ.

ಕಾಗದ: ಒಣ ಕುಂಚದಿಂದ ಒಳಗಿನಿಂದ ಅಂಚಿನ ಕಡೆಗೆ ಮೆಲ್ಲಗೆ ಗುಡಿಸಿ. ಪ್ರೋಗ್ರಾಂನ ಮಧ್ಯದ ಪುಟ ತೆರೆದು ನೋಡಿ. ಆಟಗಾರರ ಪಟ್ಟಿಯ ಪಕ್ಕ ಯಾರೋ ಪೆನ್ಸಿಲಿನಲ್ಲಿ ಸ್ಕೋರ್ ಬರೆದಿರುತ್ತಾರೆ, ಗಾಯವಾದವನ ಹೆಸರಿಗೆ ಗೆರೆ ಎಳೆದಿರುತ್ತಾರೆ. ಅದನ್ನು ಕೊಳೆ ಅಂತ ಅಳಿಸಬೇಡಿ. ಆ ಪುಸ್ತಕದಲ್ಲಿ ನಿಮ್ಮ ಮನೆಯವರದ್ದು ಅಂತ ಇರುವುದು ಅದೊಂದೇ.

ತುಕ್ಕು ಹಿಡಿದ ಪಿನ್ನು: ಸ್ಟೇಪಲ್ ಕೀಳುವ ಸಾಧನ ಬಳಸಬೇಡಿ. ಮಧ್ಯದ ಪುಟದಲ್ಲಿ ಮಡಚಿದ ಎರಡೂ ಕಾಲನ್ನು ಚಪ್ಪಟೆ ಚಾಕುವಿನಿಂದ ನೆಟ್ಟಗೆ ಮಾಡಿ, ಆಮೇಲೆ ಹೊರಗಿನಿಂದ ನಿಧಾನವಾಗಿ ಎತ್ತಿ. ಕಾಗದ ಪುಡಿಯಾಗುವ ಸ್ಥಿತಿಯಲ್ಲಿದ್ದರೆ ಪಿನ್ನನ್ನೂ ಮುಟ್ಟಬೇಡಿ.

ಅಂಟು ಆಲ್ಬಮ್: ಪ್ಲಾಸ್ಟಿಕ್ ಹಾಳೆ ಮುಚ್ಚುವ ಎಪ್ಪತ್ತರ ದಶಕದ ಆಲ್ಬಮ್ಮಿನಲ್ಲಿ ಟಿಕೆಟ್ ಅಂಟಿಸಿದ್ದರೆ ಮೊದಲು ಇಡೀ ಪುಟದ ಫೋಟೋ ತೆಗೆಯಿರಿ. ಆಮೇಲೆ ಹಲ್ಲಿನ ದಾರವನ್ನು ಟಿಕೆಟ್ಟಿನ ಕೆಳಗೆ ತೂರಿಸಿ ಗರಗಸದಂತೆ ಹಿಂದೆ ಮುಂದೆ ಎಳೆಯಿರಿ. ಹಟ ಹಿಡಿದರೆ ಬಿಟ್ಟುಬಿಡಿ. ಸೆಲೋಟೇಪ್ ಹಾಕಿದ ಜಾಗವನ್ನೂ ಹಾಗೇ ಬಿಡಿ.

ಬಾವುಟ: ಹಳೆಯ ಬಾವುಟಗಳು ಉಣ್ಣೆಯ ಫೆಲ್ಟ್. ಒದ್ದೆಯಾದರೆ ಕುಗ್ಗುತ್ತದೆ, ಬಣ್ಣ ಬಿಡುತ್ತದೆ. ಮೇಲೆ ತೆಳು ನೆಟ್ ಬಟ್ಟೆ ಹರಡಿ, ವ್ಯಾಕ್ಯೂಮನ್ನು ಅತಿ ಕಡಿಮೆ ವೇಗದಲ್ಲಿ ಹಿಡಿಯಿರಿ. ಪುಟ್ಟ ತೂತು, ಮರಳಿನಂಥ ಪುಡಿ, ಕೂದಲುಳ್ಳ ಹುಳದ ಪೊರೆ ಕಂಡರೆ ನುಸಿ ಹಿಡಿದಿದೆ ಅಂತ ಅರ್ಥ. ಆಗ ಬಾವುಟವನ್ನು ಟಿಶ್ಯೂನಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಮುಚ್ಚಿ, ಮನೆಯ ಡೀಪ್ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದಿಡೀ ದಿನ ಚೀಲ ಬಿಚ್ಚಬೇಡಿ. ಬಾವುಟಕ್ಕೆ ಸಿಕ್ಕಿಸಿದ ಬ್ಯಾಡ್ಜ್ ಇದ್ದರೆ ಫ್ರೀಜರ್‌ಗೆ ಮುಂಚೆ ತೆಗೆಯಿರಿ. ನುಸಿಗುಳಿಗೆ ಬೇಡ, ಅದರ ಆವಿ ಹಳೆಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ.

ಬ್ಯಾಡ್ಜ್: ಒಣ ಬಟ್ಟೆಯಿಂದ ಒರೆಸಿ, ಅಷ್ಟೇ. ಅಂಚಿನಿಂದ ಒಂದು ಹನಿ ನೀರು ಒಳಗೆ ಹೋದರೂ ಕೆಳಗಿನ ಕಾಗದದ ಮೇಲೆ ಕಂದು ಕಲೆ ಹರಡುತ್ತದೆ.

## ಹಂತ 6: ಸ್ಕ್ಯಾನ್ ಮಾಡಿ, ಆಮೇಲೆ ಡಬ್ಬಕ್ಕೆ ಹಾಕಿ

ಸ್ಕ್ಯಾನ್ 600 ಡಿಪಿಐ, ಟಿಫ್ ಫೈಲ್. ಹಿಂಬದಿಯನ್ನೂ ಮಾಡಿ, ಟಿಕೆಟ್ಟಿನ ಹಿಂದೆ ಫೋನ್ ನಂಬರ್, ಸಾಲದ ಲೆಕ್ಕ, ಬಸ್ಸಿನ ಸಮಯ ಏನು ಬೇಕಾದರೂ ಇರಬಹುದು. ಫೈಲಿನ ಹೆಸರಲ್ಲಿ ಹಂತ 1ರ ನಂಬರನ್ನೇ ಇಡಿ, ಅದೇ ನಂಬರಿನಲ್ಲಿ ಆಡಿಯೋ ಫೈಲೂ ಇರಲಿ. ತೊಂಬತ್ತರ ದಶಕದಿಂದ ಈಚೆಗಿನ ಕಂಪ್ಯೂಟರ್ ಟಿಕೆಟ್ ಹಲವು ಥರ್ಮಲ್ ಕಾಗದದವು. ಅವನ್ನು ಮೊದಲು ಸ್ಕ್ಯಾನ್ ಮಾಡಿ. ಅವುಗಳ ಅಕ್ಷರ ತಾನಾಗೇ ಮಾಯವಾಗುತ್ತದೆ, ಬಿಸಿ ತಾಗಿದರೆ ಇಡೀ ಟಿಕೆಟ್ ಕಪ್ಪಾಗುತ್ತದೆ.

ಕವರ್ ಕೊಳ್ಳುವಾಗ ಮೂಸಿ ನೋಡಿ. ಹೊಸ ರೇನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ, ಕೆಲವೇ ವರ್ಷದಲ್ಲಿ ಜಿಡ್ಡು ಬಿಟ್ಟು ಮಸಿಯನ್ನು ಎಳೆದುಕೊಳ್ಳುತ್ತದೆ. ಇನ್ನೊಂದು ಸೂಕ್ಷ್ಮ ಇದೆ, ಗೊತ್ತಿರುವವರು ಕಡಿಮೆ. ಆಸಿಡ್ ಇಲ್ಲದ ಟಿಶ್ಯೂನಲ್ಲಿ ಎರಡು ಬಗೆ. ಕ್ಷಾರ ಬೆರೆಸಿದ್ದು ಕಾಗದಕ್ಕೆ ಒಳ್ಳೆಯದು, ಉಣ್ಣೆಗೆ ಅಲ್ಲ. ಬಾವುಟಕ್ಕೆ, ಎದೆಯ ಮೇಲೆ ಕಾಲೇಜಿನ ಅಕ್ಷರ ಹೊಲಿದ ಲೆಟರ್ ಸ್ವೆಟರ್‌ಗೆ ಕ್ಷಾರ ಬೆರೆಸದ ಟಿಶ್ಯೂ ಕೇಳಿ ಕೊಳ್ಳಿ.

ಬಾವುಟ ಚಪ್ಪಟೆಯಾಗಿ ಮಲಗಿರಲಿ, ಮಡಚಬೇಡಿ. ಸ್ವೆಟರನ್ನು ಹ್ಯಾಂಗರಿಗೆ ಹಾಕಬೇಡಿ, ಎದೆಯ ಅಕ್ಷರದ ಭಾರಕ್ಕೆ ನೂಲು ಜೋತುಬೀಳುತ್ತದೆ. ಹಳೆಯ ಚರ್ಮದ ಚೆಂಡಿಗೆ ಎಣ್ಣೆ ಹಚ್ಚುವುದು, ಬಿಗಿಯಾಗಿ ಗಾಳಿ ತುಂಬುವುದು ಎರಡೂ ಬೇಡ.

ಜಾಗ: ಬೇಸ್‌ಮೆಂಟಲ್ಲಿ ತೇವ, ಅಟ್ಟದಲ್ಲಿ ಶಾಖ, ಎರಡೂ ಆಗದು. ಮನೆಯ ನಡುವಿನ ಕೋಣೆಯ ಕ್ಲಾಸೆಟ್ ಒಳ್ಳೆಯದು. ತೇವಾಂಶ 35ರಿಂದ 50 ಶೇಕಡಾ ಇರಲಿ. 65 ದಾಟಿದರೆ ಬೂಷ್ಟು ಶುರು. ಡಬ್ಬವನ್ನು ಊರಿಗೆ ತರುವ ಯೋಚನೆ ಇದ್ದರೆ ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಮಂಗಳೂರು, ಉಡುಪಿ, ಕಾರವಾರದ ಮಳೆಗಾಲದಲ್ಲಿ ಅಮೆರಿಕದಿಂದ ತಂದ ಕಾಗದ ಉಳಿಯುವುದು ಕಷ್ಟ. ಬಿಗಿ ಮುಚ್ಚಳದ ಡಬ್ಬ, ಸಿಲಿಕಾ ಜೆಲ್, ಹೊರಗೋಡೆಗೆ ತಾಗದ ಅಲ್ಮೇರಾ ಮೂರೂ ಬೇಕು. ಜೆಲ್ಲನ್ನು ಮಳೆಗಾಲದುದ್ದಕ್ಕೂ ಆಗಾಗ ಒಣಗಿಸುತ್ತಿರಬೇಕು. ಅದು ಸಾಧ್ಯವಿಲ್ಲ ಅಂದರೆ ಅಸಲಿ ಅಮೆರಿಕದಲ್ಲೇ ಇರಲಿ, ಸ್ಕ್ಯಾನ್ ತನ್ನಿ.

ಗೋಡೆಗೆ ಹಾಕುವ ಆಸೆಯೇ? ಒಳ್ಳೆಯ ಬಣ್ಣದ ಪ್ರಿಂಟ್ ತೆಗೆಸಿ ಅದನ್ನು ಫ್ರೇಮ್ ಮಾಡಿಸಿ.

## ಹಂತ 7: ಈಗ ಕೊಳ್ಳಬಹುದು

ಕೊಳ್ಳುವುದನ್ನು ಮೊದಲೇ ಶುರು ಮಾಡಿದವರ ಮನೆಯಲ್ಲಿ ಸಂಬಂಧವಿಲ್ಲದ ಸಾಮಾನು ತುಂಬಿರುತ್ತದೆ. ಈಗ ನಿಮ್ಮ ಹತ್ತಿರ ಒಂದು ಪಟ್ಟಿ ಇದೆ: ಅವರು ಯಾವ ಯಾವ ಗೇಮಿಗೆ ಹೋಗಿದ್ದರು, ಯಾವುದರ ಪ್ರೋಗ್ರಾಂ ಇಲ್ಲ. ಆ ಬಿಟ್ಟುಹೋದದ್ದನ್ನು ಮಾತ್ರ ಹುಡುಕಿ. ಇಲಿನಾಯ್ ಆಟಗಾರ ರೆಡ್ ಗ್ರೇಂಜ್ ಮೊದಲ ಹನ್ನೆರಡು ನಿಮಿಷದಲ್ಲಿ ನಾಲ್ಕು ಟಚ್‌ಡೌನ್ ಹೊಡೆದ 1924ರ ಇಲಿನಾಯ್-ಮಿಶಿಗನ್ ಗೇಮ್, ಪರ್ಲ್ ಹಾರ್ಬರ್ ದಾಳಿಯ ನಂತರ ಕ್ಯಾಲಿಫೋರ್ನಿಯಾದಿಂದ ನಾರ್ತ್ ಕ್ಯಾರೊಲಿನಾದ ಡರಂಗೆ ಸಾಗಿಸಿದ 1942ರ ರೋಸ್ ಬೌಲ್ (ಹೊಸ ವರ್ಷದ ದಿನದ ದೊಡ್ಡ ಕಾಲೇಜು ಗೇಮ್), ಇಂಥವುಗಳ ಹಿಂದೆ ಓಡಬೇಡಿ. ಬೆಲೆ ಜಾಸ್ತಿ, ನಕಲೂ ಜಾಸ್ತಿ. ಯಾರೂ ನೆನಪಿಡದ ಒಂದು ಶನಿವಾರದ ಪ್ರೋಗ್ರಾಂ ಸುಲಭ ಬೆಲೆಗೆ ಸಿಗುತ್ತದೆ, ನಿಮ್ಮ ಮನೆಗೆ ಬೇಕಾದದ್ದೂ ಅದೇ.

ಇಬೇನಲ್ಲಿ ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾದ ಬೆಲೆ ನೋಡಿ. ಕಾಲೇಜು ಊರುಗಳಲ್ಲಿ ಮನೆ ಖಾಲಿ ಮಾಡುವಾಗ ಸಾಮಾನು ಮಾರುವ ಎಸ್ಟೇಟ್ ಸೇಲ್‌ಗಳಲ್ಲಿ ಒಳ್ಳೆಯ ಸಾಮಾನು ಸಿಗುತ್ತದೆ. ಪ್ಯಾಸಡೀನಾದಲ್ಲಿ ರೋಸ್ ಬೌಲ್ ಸ್ಟೇಡಿಯಂನಲ್ಲೇ ಪ್ರತಿ ತಿಂಗಳ ಎರಡನೇ ಭಾನುವಾರ ಹಳೆ ಸಾಮಾನಿನ ಸಂತೆ ನಡೆಯುತ್ತದೆ. ಲೂಪ್, ಟಾರ್ಚ್ ಜೇಬಲ್ಲಿರಲಿ.

ಮಾರುವವರು ಹಿಂಬದಿಯ, ಮಧ್ಯದ ಪುಟದ, ಪಿನ್ನಿನ ಹತ್ತಿರದ ಫೋಟೋ ಕಳಿಸಲು ಒಪ್ಪದಿದ್ದರೆ ಬಿಟ್ಟುಬಿಡಿ. "ತಾತನ ಅಟ್ಟದಲ್ಲಿ ಸಿಕ್ಕಿತು" ಅನ್ನುವವರ ಹತ್ತಿರ ಅದೇ ಟಿಕೆಟ್ ನಾಲ್ಕು ಇದ್ದರೂ ಬಿಟ್ಟುಬಿಡಿ. ಕೊಂಡದ್ದನ್ನು ಮನೆಯ ವಸ್ತುಗಳ ಜೊತೆ ಬೆರೆಸಬೇಡಿ, ಕವರಿನ ಚೀಟಿಯಲ್ಲಿ "ಕೊಂಡದ್ದು" ಅಂತ ಬರೆಯಿರಿ. ಇಲ್ಲದಿದ್ದರೆ ಮುಂದೊಂದು ದಿನ ಮೊಮ್ಮಕ್ಕಳು ಅದನ್ನೂ ತಾತನೇ ತಂದದ್ದು ಅಂತ ನಂಬುತ್ತಾರೆ.

## ಹಂತ 8: ಮನೆಯಲ್ಲಿ ಇಡಲು ಆಗದಿದ್ದರೆ

ಕಾಲೇಜಿನ ಆರ್ಕೈವ್ಸ್‌ಗೆ, ಅಂದರೆ ಹಳೆಯ ದಾಖಲೆ ಕಾಪಾಡುವ ವಿಭಾಗಕ್ಕೆ ಕೊಡಬಹುದು. ಉದಾಹರಣೆಗೆ, ಮಿಶಿಗನ್ ಯೂನಿವರ್ಸಿಟಿಯ ಕ್ರೀಡಾ ದಾಖಲೆಗಳು ಆನ್ ಆರ್ಬರ್‌ನ ಬೆಂಟ್ಲಿ ಹಿಸ್ಟಾರಿಕಲ್ ಲೈಬ್ರರಿಯಲ್ಲಿವೆ. ಕೇಳದೇ ಪಾರ್ಸೆಲ್ ಕಳಿಸಬೇಡಿ, ಮೊದಲು ಪಟ್ಟಿ ಮತ್ತು ಫೋಟೋ ಕಳಿಸಿ. ಪ್ರೋಗ್ರಾಂ ಪುಸ್ತಕ ಅವರ ಹತ್ತಿರ ಆಗಲೇ ಇರಬಹುದು, ಬೇಡ ಅನ್ನಬಹುದು. ಅದಕ್ಕೆ ಬೇಸರ ಬೇಡ. ಅಂಥ ಕಡೆ ಸಾಮಾನ್ಯವಾಗಿ ಇಲ್ಲದ್ದು ಭಾರತದಿಂದ ಬಂದ ವಿದ್ಯಾರ್ಥಿ ಸ್ಟೇಡಿಯಂನಲ್ಲಿ ಕೂತ ಫೋಟೋ, ಅವನು ಊರಿಗೆ ಬರೆದ ಕಾಗದ, ನೀವು ಮಾಡಿದ ರೆಕಾರ್ಡಿಂಗ್. ಪಟ್ಟಿಯಲ್ಲಿ ಇವನ್ನು ಮೊದಲು ಬರೆಯಿರಿ.

ವಸ್ತುವನ್ನು ಬಿಟ್ಟುಕೊಡಲು ಮನಸ್ಸಿಲ್ಲ ಅಂದರೆ ಫಿಲಡೆಲ್ಫಿಯಾದ ಸೌತ್ ಏಷ್ಯನ್ ಅಮೆರಿಕನ್ ಡಿಜಿಟಲ್ ಆರ್ಕೈವ್ ಇದೆ, 2008ರಲ್ಲಿ ಶುರುವಾದದ್ದು. ಅವರು ಸ್ಕ್ಯಾನ್ ಮಾತ್ರ ತೆಗೆದುಕೊಳ್ಳುತ್ತಾರೆ, ಅಸಲಿ ನಿಮ್ಮ ಮನೆಯಲ್ಲೇ ಉಳಿಯುತ್ತದೆ.

ಆರ್ಕೈವ್ಸ್‌ಗೆ ಅಸಲಿಯನ್ನೇ ಕೊಡುವುದಾದರೆ ದಾನಪತ್ರಕ್ಕೆ ಸಹಿ ಬೇಕು. ಆ ಸಹಿ ವಸ್ತು ಯಾರದ್ದೋ ಅವರದ್ದಾಗಿರಬೇಕು. ಅಪ್ಪ ತೀರಿಕೊಂಡ ಮೇಲೆ ನಾಲ್ಕು ಮಕ್ಕಳು ನಾಲ್ಕು ರಾಜ್ಯಗಳಿಂದ ಒಪ್ಪಿಗೆ ಕಳಿಸಬೇಕಾಗಿ ಬಂದು ಎಷ್ಟೋ ಡಬ್ಬಗಳು ಅಲ್ಲೇ ನಿಂತುಹೋಗುತ್ತವೆ. ಹಂತ 3ರಲ್ಲಿ ಹೇಳಿದ ಎರಡನೇ ರೆಕಾರ್ಡಿಂಗ್ ಮುಗಿದ ದಿನವೇ ಅವರ ಇಷ್ಟ ಏನು ಅಂತ ಕೇಳಿ, ಕಾಗದದಲ್ಲಿ ಬರೆಸಿ, ತಾರೀಖು ಹಾಕಿಸಿ ಸಹಿ ಮಾಡಿಸಿಕೊಳ್ಳಿ.